ಸೊನ್ನೆ ಬೀಳದ ಸಾಲು

ದೋಣಿಕಟ್ಟೆಯಲ್ಲಿ ಹಗ್ಗ ಕಟ್ಟುವ ಅವನಿಗೆ ಜನ ಇಟ್ಟ ಹೆಸರು ಗಡಿಯಾರ. ಒಂಬತ್ತು ವರ್ಷಗಳಿಂದ ದಿನಾ ಬೆಳಿಗ್ಗೆ ಏಳಕ್ಕೆ ಕಟ್ಟೆಯ ತುದಿಯಲ್ಲಿ ಬಗ್ಗಿ ನಿಂತು ಜೆಲ್ಲಿಮೀನುಗಳನ್ನು ಎಣಿಸುತ್ತಿದ್ದ. ಕೊಡೆಯಂಥವು ಎಷ್ಟು, ಬಟ್ಟಲಿನಂಥವು ಎಷ್ಟು, ಮುಟ್ಟಿದರೆ ಉರಿಯುವ ಉದ್ದ ಬಾಲದವು ಎಷ್ಟು ಎಂದು ಕಡಲ ಸಂಶೋಧನಾ ಕೇಂದ್ರದವರು ಕೊಟ್ಟ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಏನೂ ಕಾಣದ ದಿನ ಸಾಲನ್ನು ಖಾಲಿ ಬಿಡುತ್ತಿದ್ದ.

ಕೇಂದ್ರಕ್ಕೆ ಹೊಸದಾಗಿ ಬಂದ ಸಂಶೋಧಕಿ ನೋಟ್‌ಬುಕ್ಕುಗಳನ್ನು ತಿರುವಿ ಹಾಕಿ, ತಲೆ ಮೇಲೆ ಕೈ ಹೊತ್ತು ಕೂತಳು.

“ಅಣ್ಣಾ, ಇಷ್ಟೊಂದು ಸಾಲು ಖಾಲಿ ಇದೆಯಲ್ಲ! ಜೆಲ್ಲಿಮೀನು ಇರ್ಲಿಲ್ವೋ, ನೀವೇ ಬರ್ಲಿಲ್ವೋ? ಯಾವ ತಿಂಗಳು ಬರ್ತವೆ, ಯಾವಾಗ ಹೋಗ್ತವೆ ಅಂತ ನಾನು ಹೇಗೆ ಹೇಳ್ಲಿ?”

ಗಡಿಯಾರನಿಗೆ ಪಿತ್ತ ನೆತ್ತಿಗೇರಿತು. “ಇಲ್ದೇ ಇರೋದನ್ನ ಯಾರಾದ್ರೂ ಬರೀತಾರಾ ಮೇಡಂ? ಒಂದು ದಿನಾನೂ ತಪ್ಪಿಸಿಲ್ಲ ನಾನು!” ಎಂದವನೇ ದೋಣಿಕಟ್ಟೆಯ ಆಫೀಸಿನಿಂದ ಹಾಜರಿ ಪುಸ್ತಕಗಳನ್ನು ತಂದು ಅವಳ ಮುಂದೆ ಕುಕ್ಕಿದ. ಎಲ್ಲ ದಿನವೂ ಅವನ ಸಹಿ ಇತ್ತು.

“ಸರಿ ಹಾಗಾದ್ರೆ, ಸಹಿ ಇರೋ ಖಾಲಿ ದಿನಕ್ಕೆಲ್ಲ ಸೊನ್ನೆ ಹಾಕಿ.”

ಗೊಣಗುತ್ತಲೇ ಕೂತು ಮಧ್ಯಾಹ್ನದವರೆಗೆ ಸೊನ್ನೆ ಹಾಕಿದ. ಒಂದು ಸಾಲು ಮಾತ್ರ ಹಾಗೇ ಉಳಿಯಿತು.

“ಇದೊಂದು ಬಿಟ್ಟಿದ್ದೀರಲ್ಲಣ್ಣ, ಸಹಿ ಇದೆ.”

“ಬಂದಿದ್ದೆ ಮೇಡಂ. ಅಲ್ಲೇ ನಿಂತೂ ಇದ್ದೆ.” ಅವನು ಪೆನ್ನಿನ ಕ್ಯಾಪು ಹಾಕಿದ. “ಹೆಂಡ್ತಿ ತೀರಿಹೋದ ಮಾರನೇ ದಿನ ಅದು. ನೀರಲ್ಲಿ ಏನಿತ್ತೋ, ನಾನು ನೋಡ್ಲಿಲ್ಲ.”