ಅಪ್ಪ ಮೂಸಿ ನೋಡಿದ ಜನರೇಟರ್

ಸನತ್‌ನಗರದ ನಮ್ಮ ಮನೆಯ ಮುಂದಿನ ಕೋಣೆಯೇ ಅಪ್ಪನ ರಿಪೇರಿ ಅಂಗಡಿ. ಹಳೆಯ ಪಂಪು, ಜನರೇಟರು, ಏನು ಬಂದರೂ ಅಪ್ಪ ಮೊದಲು ನಟ್ಟು ಬಿಚ್ಚುವ ಪಾನಾ ಹಿಡಿಯುವವರಲ್ಲ. ಕಣ್ಣು ಮುಚ್ಚಿ ಎಂಜಿನ್ ಮೂಸುವವರು. "ಪೆಟ್ರೋಲ್ ಹಳಸೈತಿ, ಕಾರ್ಬೊರೇಟರ್ ಕಟ್ಟೈತಿ" ಎಂದರೆ ಮುಗಿಯಿತು, ಬಿಚ್ಚಿದಾಗ ಒಳಗೆ ಹಳಸಿದ ಪೆಟ್ರೋಲಿನ ಅಂಟೇ ಇರುತ್ತಿತ್ತು.

ಅವರಿಗೆ ದೊಡ್ಡ ಜ್ವರ ಬಂದು ಹೋದ ಮೇಲೆ ಮನೆಯಲ್ಲಿ ಏನೋ ಸರಿಯಿಲ್ಲ ಎನಿಸತೊಡಗಿತು. ಒಲೆಯ ಮೇಲೆ ಹಾಲು ಸೀದು ಕರಕಲಾದರೂ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದರು. ಇನ್ನೊಮ್ಮೆ ಅವರ ಬೆಂಚಿನ ಕೆಳಗೆ ಇಲಿ ಸತ್ತು ಕೊಳೆತಿತ್ತು. ನಾನು ಮೂಗು ಮುಚ್ಚಿಕೊಂಡು ಒಳಗೆ ಹೋದರೆ ಅಪ್ಪ ಅಲ್ಲೇ ಕೂತು ನೆಮ್ಮದಿಯಾಗಿ ಚಹಾ ಕುಡಿಯುತ್ತಿದ್ದರು. ಅಪ್ಪನ ಅಂಗಿ ತೊಟ್ಟು ಬೇರೆ ಯಾರೋ ಕೂತಂತೆ ಕಂಡಿತು. ಹೆದರಿಕೆಯಾದರೆ ನನಗೆ ಸಿಟ್ಟು ಬರುತ್ತದೆ. ಚೆನ್ನಾಗಿ ಬೈದೆ.

ಆಯುಧಪೂಜೆಯ ಮಧ್ಯಾಹ್ನ ಕೋಠಿ ಪೇಟೆಯಿಂದ ಚೆಂಡುಹೂ ತಂದೆ. ರಜೆಯ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಅರ್ಧ ಇಳಿಸಿದ ಶಟರ್ ಕೆಳಗೆ ನುಸುಳಿದ್ದೇ ಪೆಟ್ರೋಲ್ ಘಾಟಿಗೆ ಕಣ್ಣು ಉರಿಯಿತು. ಗಿರಾಕಿಯೊಬ್ಬರ ಹಳೆಯ ಜನರೇಟರ್‌ಗೆ ಕುಂಕುಮ ಹಚ್ಚಿ, ತಟ್ಟೆಯಲ್ಲಿ ಕರ್ಪೂರ ಇಟ್ಟುಕೊಂಡು ಅಪ್ಪ ಕೂತಿದ್ದರು. ಕಣ್ಣು ಮುಚ್ಚಿತ್ತು, ಕೈಯಲ್ಲಿ ಬೆಂಕಿಕಡ್ಡಿ. ಕಾರ್ಬೊರೇಟರ್‌ನಿಂದ ಪೆಟ್ರೋಲ್ ಸದ್ದಿಲ್ಲದೆ ಗೋಣಿಚೀಲದ ಮೇಲೆ ತೊಟ್ಟಿಕ್ಕುತ್ತಿತ್ತು.

"ಅಪ್ಪಾ, ಕಡ್ಡಿ ಗೀರಬ್ಯಾಡ್ರಿ!"

ಕಡ್ಡಿಪೆಟ್ಟಿಗೆ ಕಸಿದುಕೊಂಡು ಶಟರ್ ಪೂರ್ತಿ ಎತ್ತಿದೆ. ಅಪ್ಪ ಕಕ್ಕಾಬಿಕ್ಕಿಯಾದರು. "ಕಾಕ್ ಬಂದ್ ಮಾಡೇನಲ್ಲವ್ವಾ. ಮೂಸೇನಿ, ಏನೂ ಇಲ್ಲ."

ಟ್ಯಾಂಕಿನ ಕೆಳಗೆ ಪೆಟ್ರೋಲ್ ನಿಲ್ಲಿಸುವ ಕಾಕ್ ನಿಜಕ್ಕೂ ಮುಚ್ಚಿತ್ತು. ಅದರ ಪೈಪು ಕಿತ್ತು ನೋಡಿದೆ. ಮುಚ್ಚಿದ ಕಾಕಿನಿಂದಲೇ ಹನಿ ಬೀಳುತ್ತಿತ್ತು. ಅದರೊಳಗಿನ ರಬ್ಬರ್ ಒಣಗಿ ಬಿರಿದಿದ್ದೀತು. ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ತಡೆಯುವ ಪಿನ್ನೂ ಕಸಕ್ಕೆ ಸಿಕ್ಕಿಕೊಂಡಿರಬೇಕು. ಒದ್ದೆ ಬೆರಳನ್ನು ಅಪ್ಪನ ಮುಂದೆ ಹಿಡಿದೆ. ಅವರು ನನ್ನ ಕೈಯನ್ನೇ ಮೂಗಿಗೆ ಒತ್ತಿಕೊಂಡು ಬಹಳ ಹೊತ್ತು ಉಸಿರು ಎಳೆದರು.

"ಜ್ವರ ಬಂದಾಗಿಂದ ಯಾವ ವಾಸನಿನೂ ಬರೂದಿಲ್ಲವ್ವಾ. ಯಾರ ಮುಂದೂ ಹೇಳಬ್ಯಾಡ."

"ಮತ್ತ ಇಷ್ಟು ದಿನ ಕಣ್ಣು ಮುಚ್ಚಿ ಏನ್ ಮೂಸ್ತಿದ್ರಿ?"

"ಹಿಂದಿನ ವಾಸನಿ ನೆನಸ್ಕೋತಿದ್ದೆ. ಯಾವುದು ನೆನಪಾಗತೈತೋ ಅದನ್ನ ಹೇಳತಿದ್ದೆ."

ಬೈಯಬೇಕೆಂದು ಬಾಯಿ ತೆರೆದವಳು ಇಷ್ಟೇ ಕೇಳಿದೆ: "ಈಗ, ಇದರ ಮುಂದ ಕೂತಾಗ ಯಾವ ವಾಸನಿ ನೆನಪಾತು?"

ಅಪ್ಪ ಒದ್ದೆ ಗೋಣಿಚೀಲ ನೋಡಿದರು. "ಚೊಲೊ ಎಂಜಿನ್ನಿಂದು ನೆನಪಾತು" ಎಂದರು.