ಹದ್ಬಾಳನ್ನು ಮತ್ತೆ ಕೊಂಡದ್ದು

ಖಜ್ನಾ ನನ್ನ ದೊಡ್ಡಪ್ಪನ ಮಗಳು. ಮದುವೆಯಾಗಲಿಲ್ಲ. ಖಾಬೂರ್ ನದಿಯ ಈಚೆದಡದ ನಮ್ಮ ಹಳ್ಳಿಯಲ್ಲಿ ಅಣ್ಣ ದಹಾಮನ ಕುರಿ, ಹತ್ತಿ, ಒಲೆ ಎಲ್ಲವೂ ಅವಳ ಕೈಯಲ್ಲೇ ನಡೆಯುತ್ತಿದ್ದವು. ಒಂದು ಚಳಿಗಾಲ ದಹಾಮ್ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆಯುವಾಗ ಪಕ್ಕದೂರಿನ ಕುರಿಗಾಹಿ ಹವಾಸ್ ಅದರಡಿ ಸಿಕ್ಕಿ ಸತ್ತ. ಹಿರಿಯರು ಕೂತು ರಾಜಿ ಮಾಡಿಸಿದರು. ಪರಿಹಾರದ ಹಣದ ಜೊತೆಗೆ ನಮ್ಮ ಮನೆಯ ಬೂದು ಹೆಣ್ಣುಕುದುರೆ ಹದ್ಬಾಳೂ ಸತ್ತವನ ತಾಯಿಯ ಪಾಲಾಯಿತು. ಹಗ್ಗ ಹಿಡಿದು ನಡೆಸಿಕೊಂಡು ಹೋಗಿ ಕಟ್ಟಿಬಂದವಳು ಖಜ್ನಾ. ಆವತ್ತು ಅವಳು ಅಳಲಿಲ್ಲ, ಆಮೇಲೂ ಅತ್ತದ್ದನ್ನು ನಾನು ನೋಡಲಿಲ್ಲ.

ಆರು ವರ್ಷದ ಮೇಲೆ ಆ ಮನೆಯಿಂದ ಸುದ್ದಿ ಬಂತು. ಅವರು ಪಟ್ಟಣಕ್ಕೆ ಹೋಗುತ್ತಿದ್ದಾರಂತೆ, ಕುದುರೆ ಮಾರುತ್ತಾರಂತೆ, ಮೊದಲು ನಮ್ಮನ್ನೇ ಕೇಳಿ ಎಂದಿದ್ದಾಳಂತೆ ಮುದುಕಿ.

ದಹಾಮ್ ಟೀ ಲೋಟ ಕೆಳಗಿಟ್ಟ. "ನನ್ನ ಕೈಲಾಗಲ್ಲ."

"ನಾನ್ ಹೋಗ್ತೀನಿ ಬಿಡು," ಎಂದಳು ಖಜ್ನಾ, ಹಿಟ್ಟು ತರಲು ಹೊರಟವಳ ಹಾಗೆ. ನಾನು ಪಿಕಪ್ ತೆಗೆದೆ.

ಹವಾಸನ ತಮ್ಮ ನಾಯಿಫ್ ಕುದುರೆಯನ್ನು ಅಂಗಳಕ್ಕೆ ತಂದ. ಹೊಟ್ಟೆ ಜೋತಿತ್ತು, ಮೊಣಕಾಲ ಮೇಲೊಂದು ಗಾಯದ ಕಲೆ. ಖಜ್ನಾ ಭುಜದಿಂದ ಗೊರಸಿನವರೆಗೆ ಕೈಯಾಡಿಸಿದಳು, ತುಟಿ ಎತ್ತಿ ಹಲ್ಲು ನೋಡಿದಳು. ಕುದುರೆ ಅವಳ ತೋಳು ಮೂಸಿ ಮೇವಿನತ್ತ ತಿರುಗಿತು.

"ಹಲ್ಲು ಬೇರೆ ನೋಡ್ಬೇಕಾ ಅಕ್ಕಾ? ಹುಟ್ಟಿದ್ದೇ ನಿಮ್ಮನೇಲಿ," ಎಂದ ನಾಯಿಫ್.

"ಕೊಳ್ಳೋರು ನೋಡ್ಬೇಕಲ್ಲ. ಕಾಲಿಗೇನಾಯ್ತು?"

"ಮುಳ್ಳುತಂತಿ ತಾಗ್ತು. ಕುಂಟಲ್ಲ."

"ನಡೆಸು."

ಎರಡು ಸುತ್ತು ನಡೆಸಿದ. ಕುಂಟಲಿಲ್ಲ. ಎರಡೂವರೆ ಲಕ್ಷ ಲಿರಾ ಎಂದ.

"ಮುದುಕಿ ಆಗ್ತಿದೆಯಲ್ಲೋ ಇದು!" ಎಂದೆ ನಾನು.

"ಐವತ್ತಾದ್ರೂ ನೀನು ಇನ್ನೊಂದು ಹೆಣ್ಣು ಹುಡುಕ್ತಾ ಇದೀಯಂತೆ. ಇದಕ್ಕೇನು ವಯಸ್ಸು?"

ಅಷ್ಟರಲ್ಲಿ ಅವನ ತಾಯಿ, ಎಲ್ಲರೂ ಉಮ್ ಹವಾಸ್ ಅಂದರೆ ಹವಾಸನ ಅಮ್ಮ ಎಂದೇ ಕರೆಯುವವಳು, ಟೀ ತಂದು ಚಾಪೆಯ ಮೇಲೆ ಕೂತಳು. "ಎರಡು ಲಕ್ಷ. ಜಾಸ್ತಿ ಬೇಡ, ಕಮ್ಮಿನೂ ಇಲ್ಲ."

"ಅಮ್ಮಾ, ದಮಾಸ್ಕಸ್ ದಲ್ಲಾಳಿ ಮೂರು ಅಂದಿದ್ನಲ್ಲ!"

"ಅವನಿಗೆ ನಾನು ಮಾರಲ್ಲ." ಆಮೇಲೆ ಖಜ್ನಾಳ ಕಡೆ ತಿರುಗಿದಳು. "ಸುಮ್ನೆ ಕೊಟ್ಬಿಡೋಣ ಅಂತಾನೂ ಅನ್ಸಿತ್ತು ಮಗಳೇ. ಆದ್ರೆ ಸುಮ್ನೆ ಕೊಟ್ರೆ ನನ್ನ ಮಗ ಸುಮ್ನೆ ಹೋದಂಗಾಗುತ್ತೆ."

"ಹೌದಮ್ಮಾ. ದುಡ್ಡು ತಗೊಳ್ಳಿ."

ನಮ್ಮ ಕಡೆಯ ಪದ್ಧತಿಯಂತೆ ಮಾರುವವರು ಕುದುರೆಯ ತಳಿ, ಕುಲವನ್ನು ಆಣೆಯಿಟ್ಟು ಹೇಳಬೇಕು. ನಾಯಿಫ್ ಬಾಯಿ ತೆರೆಯುವ ಮೊದಲೇ ಮುದುಕಿ ಕುದುರೆಯ ಕುತ್ತಿಗೆಯ ಮೇಲೆ ಕೈಯಿಟ್ಟು, ದೇವರಾಣೆ, ಹದ್ಬಾನ್ ಕುಲ, ತಮ್ಮಲ್ಲಿದ್ದಷ್ಟು ದಿನ ಕುಲಗೆಟ್ಟ ಗಂಡು ಇದರ ಹತ್ತಿರ ಸುಳಿದಿಲ್ಲ ಎಂದಳು. ಕೈ ತೆಗೆಯದೆ ಹೇಳಿದಳು: "ಮೊದಲನೇ ವರ್ಷ ನನ್ನ ಕೈಯಾರೆ ಇದಕ್ಕೆ ನೀರು ಕೊಡ್ಲಿಲ್ಲ. ನೋಡೋಕೂ ಆಗ್ತಿರ್ಲಿಲ್ಲ. ಆಮೇಲೆ ನಾನೇ ಕೊಟ್ಟೆ."

ಖಜ್ನಾ ತಲೆಯಾಡಿಸಿ ಟೀ ಪೂರ್ತಿ ಕುಡಿದಳು.

ಕುದುರೆಯನ್ನು ಪಿಕಪ್‌ಗೆ ಹತ್ತಿಸಿಕೊಂಡು ಬರುವ ದಾರಿಯಲ್ಲಿ ಕೇಳಿದೆ, "ಖುಷಿ ಆಯ್ತೇನೇ?"

"ಆಗ್ಬೇಕಿತ್ತು," ಎಂದಳು. "ಹಲ್ಲು ಕೀಳೋವಾಗ ದವಡೆಗೆ ಸೂಜಿ ಚುಚ್ತಾರಲ್ಲ, ಹಂಗಿದೆ. ಏನೋ ನಡೀತಿದೆ ಅಂತ ಗೊತ್ತಾಗುತ್ತೆ, ಅಷ್ಟೆ."

ದಹಾಮ್ ಬಾಗಿಲಲ್ಲೇ ನಿಂತಿದ್ದ. "ದುಡ್ಡು ತಗೊಂಡ್ರಾ?"

"ತಗೊಂಡ್ರು."

"ಹೂಂ," ಎಂದು ಒಳಗೆ ಹೋದ. ಖಜ್ನಾ ಕುದುರೆಯನ್ನು ಕಟ್ಟಿ ಬಾರ್ಲಿ ಹಾಕಿ, ರೊಟ್ಟಿಗೆ ಹಿಟ್ಟು ನಾದಲು ಕೂತಳು.

ಎರಡು ವರ್ಷದ ಮೇಲೆ ಉಮ್ ಹವಾಸ್ ಪಟ್ಟಣದಲ್ಲಿ ತೀರಿಕೊಂಡಳು. ಖಜ್ನಾ ಹೊರಟಾಗ ದಹಾಮನೂ ಹೇಳದೆ ಕೇಳದೆ ಬಂದು ಪಿಕಪ್ ಹತ್ತಿದ. ಅಲ್ಲಿ ಗಂಡಸರ ಸಾಲಿನ ಕೊನೆಯಲ್ಲಿ ಕೂತ. ಯಾರೂ ಅವನನ್ನು ಮಾತಾಡಿಸಲಿಲ್ಲ. ನಾಯಿಫ್ ಸಾವಿಗೆ ಬಂದವರಿಗೆ ಕೊಡುವ ಕಹಿ ಕಾಫಿಯ ಹೂಜಿ, ಬಟ್ಟಲು ಹಿಡಿದು ಸಾಲುದ್ದಕ್ಕೂ ಬಂದು, ಅವನ ಮುಂದೆಯೂ ನಿಂತು, ಬಗ್ಗಿಸಿ ಕೊಟ್ಟ. ದಹಾಮ್ ಎರಡೂ ಕೈಯಲ್ಲಿ ತೆಗೆದುಕೊಂಡು ಕುಡಿದ.