ಎಸಳು ಮುಚ್ಚದ ಲೆನ್ಸು

ಪಡಸಾಲೆಯ ಗೋಡೆಯ ಮೇಲಿರುವ ನಿಮ್ಮ ಮುತ್ತಜ್ಜಿ ಹಾಗೆ ಯಾಕೆ ಗುರಾಯಿಸುತ್ತಾರೆ ಎಂದು ನೀವು ಕೇಳುತ್ತಲೇ ಇರುತ್ತೀರಿ. ಎದುರಿಗೆ ಕುಳಿತು ಹೇಳಲು ನನಗೆ ಬಾಯಿ ಬರುವುದಿಲ್ಲ. ಬರೆದು ಇಡುತ್ತೇನೆ, ಓದಿಕೊಳ್ಳಿರಿ.

ಗದಗ ಆಗ ಹೊಸದಾಗಿ ಜಿಲ್ಲೆಯಾಗಿತ್ತು. ನಿಮ್ಮ ಅಜ್ಜ ತೀರಿಕೊಂಡು ವರ್ಷ ತುಂಬಿರಲಿಲ್ಲ. ಲಕ್ಷ್ಮೇಶ್ವರದ ಬಜಾರಿನಲ್ಲಿದ್ದ ಅವರ ಫೋಟೋ ಸ್ಟುಡಿಯೋವನ್ನು ನಾನು ನಡೆಸತೊಡಗಿದ್ದೆ. ಬಾಳೆಹೊಸೂರಿನ ಶಾಲೆಯಲ್ಲಿ ಏಳನೆಯ ಇಯತ್ತೆ ಕಲಿತವಳು ನಾನು. ಕ್ಯಾಮೆರಾ ಹಿಡಿಯುವುದು, ಫಿಲ್ಮು ತೊಳೆಯುವುದು ಅವರು ಕಲಿಸಿದ್ದು. ಗಂಡಸರು ನನ್ನ ಅಂಗಡಿಗೆ ಬರುತ್ತಿರಲಿಲ್ಲ, ನನಗೂ ಅದೇ ಬೇಕಾಗಿತ್ತು. ಪರಗಂಡಸಿನ ಮುಂದೆ ಬುರ್ಖಾ ಸರಿಸಲು ಒಲ್ಲದವರು, ಸೆರಗು ಇಳಿಸಲು ನಾಚುವ ಹಳ್ಳಿಯ ಸೊಸೆಯರು ಬರುತ್ತಿದ್ದರು. ಶಿರಹಟ್ಟಿಯ ತಾಲೂಕು ಕಚೇರಿಗೆ ಯಾವ ಅರ್ಜಿ ಕೊಟ್ಟರೂ ಫೋಟೋ ಕೇಳುತ್ತಿದ್ದ ಕಾಲ ಅದು.

ಮೈದುನನಿಗೆ, ಅಂದರೆ ನಿಮ್ಮ ಸಣ್ಣಜ್ಜನಿಗೆ, ಇದು ಸೇರುತ್ತಿರಲಿಲ್ಲ. "ವೈನಿ, ಇದು ನಿಮ್ಮ ಕೈಲೆ ಆಗೂದಲ್ಲ. ಅಂಗಡಿ ಝೆರಾಕ್ಸಿನವಂಗ ಬಾಡಿಗಿ ಕೊಡೂಣು," ಎನ್ನುತ್ತಿದ್ದ. ಅತ್ತೆ, ಅಂದರೆ ಗೋಡೆಯ ಮೇಲಿನ ನಿಮ್ಮ ಮುತ್ತಜ್ಜಿ, ಹೂಂ ಎನ್ನುತ್ತಿರಲಿಲ್ಲ, ಊಹೂಂ ಎಂದೂ ಅನ್ನುತ್ತಿರಲಿಲ್ಲ.

ಒಂದು ದಿನ ಮಾಡಿದ ಪ್ರಿಂಟುಗಳಲ್ಲಿ ಮುಖಗಳೇ ಇರಲಿಲ್ಲ. ಸುಣ್ಣ ಬಳಿದಂತೆ ಬಿಳಿ. ವಿಧವಾ ವೇತನಕ್ಕೆಂದು ಫೋಟೋ ತೆಗೆಸಿದ್ದ ಮುದುಕಿ ಅದನ್ನು ಹೊರಳಿಸಿ ನೋಡಿದಳು.

"ಏನವ್ವಾ, ನನ್ನ ಮಾರಿ ಎಲ್ಲಿಟ್ಟಿ? ಇದನ್ನ ಒಯ್ದು ಕೊಟ್ರ ಸರಕಾರದವ್ರು ಹಪ್ಪಳಕ್ಕ ಪಗಾರ ಕೊಡ್ತಾರೇನು?"

ಬಾಗಿಲಲ್ಲಿ ನಿಂತಿದ್ದ ಮೈದುನ ಎಲ್ಲ ಕೇಳಿಸಿಕೊಂಡ. ವಾರದೊಳಗೆ ನೆಟ್ಟಗಾಗದಿದ್ದರೆ ಝೆರಾಕ್ಸಿನವನನ್ನು ಕರೆಸುವುದಾಗಿ ಹೇಳಿ ಹೋದ.

ಮೊದಲು ಫಿಲ್ಮು ಮಾರಿದವನ ಮೇಲೆ ನನ್ನ ಅನುಮಾನ ಹೋಯಿತು. ಹಳೆಯ ಮಾಲು ಕೊಟ್ಟಿದ್ದಾನೆಂದು ಬೇರೆ ಅಂಗಡಿಯಿಂದ ಫಿಲ್ಮು ತಂದೆ. ಮತ್ತೆ ಬಿಳಿ. ಆಮೇಲೆ ಫ್ಲ್ಯಾಶಿನ ಮೇಲೆ. ಅದನ್ನು ಕಳಚಿಟ್ಟು ಹಿತ್ತಲ ಬಿಸಿಲಿನಲ್ಲಿ ತುಳಸಿಕಟ್ಟೆಯ ಫೋಟೋ ತೆಗೆದೆ. ತುಳಸಿಯೂ ಬಿಳಿ. ಇನ್ನುಳಿದದ್ದು ಲೆನ್ಸು.

ಲೆನ್ಸನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಅದರೊಳಗೆ ತೆಳುವಾದ ತಗಡಿನ ಎಸಳುಗಳಿರುತ್ತವೆ. ಫೋಟೋ ಹೊಡೆದಾಗ ಅವು ಚಟಕ್ಕನೆ ಕೂಡಿಕೊಂಡು ಸಣ್ಣ ತೂತು ಉಳಿಸಬೇಕು, ಬೇಕಾದಷ್ಟೇ ಬೆಳಕು ಒಳಗೆ ಬಿಡಬೇಕು. ಹಿಂಬದಿಯ ಕಡ್ಡಿಯನ್ನು ಉಗುರಿನಿಂದ ಸರಿಸಿ ನೋಡಿದೆ. ಎಸಳುಗಳು ಅರೆನಿದ್ದೆಯಲ್ಲಿ ಎದ್ದವರ ಹಾಗೆ ತೆವಳುತ್ತ ಬಂದವು. ಅವುಗಳ ಮೇಲೆ ಒದ್ದೆಯ ಹೊಳಪಿತ್ತು. ದಿನಾ ಸಂಜೆ ಕ್ಯಾಮೆರಾವನ್ನು ಮನೆಗೆ ಒಯ್ಯುತ್ತಿದ್ದವಳು ನಾನೇ. ಹಗಲು ಅದು ನನ್ನ ಕೈಯಲ್ಲೇ ಇರುತ್ತಿತ್ತು. ಹಾಗಾದರೆ ಇದು ಹೊರಗಿನವರ ಕೆಲಸವಲ್ಲ, ಮನೆಯವರದೇ ಎಂದುಕೊಂಡೆ.

ಗದಗಿನಲ್ಲಿ ರಿಪೇರಿ ಮಾಡುವವನೊಬ್ಬನಿದ್ದ. ಅವನನ್ನೂ ನಾನು ನಂಬಲಿಲ್ಲ. ಕಲಾಯಿಗೆ ಪಾತ್ರೆ ಕೊಡುವಾಗ ಅದಲುಬದಲಾಗದಂತೆ ತಳದಲ್ಲಿ ಗುರುತು ಗೀಚುತ್ತೇವಲ್ಲ, ಹಾಗೆ ಲೆನ್ಸಿನ ಅಂಚಿಗೆ ಸೂಜಿಯಿಂದ ಗೀರಿಕೊಂಡೇ ಒಯ್ದಿದ್ದೆ. ಅವನು ಅದನ್ನು ಕಂಡುಬಿಟ್ಟ.

"ಅಕ್ಕಾರ, ಇದೇನ್ ನಿಮ್ಮ ಹಂಡೇನ್ರೀ? ಬಿಟ್ಟು ಹೋಗ್ರಿ, ನಾಡದ ಬರ್ರಿ."

"ಇಲ್ಲೇ ಕುಂಡ್ರತೀನ್ರಿ," ಎಂದೆ.

ಅವನು ಬಿಚ್ಚಿದ ಒಂದೊಂದು ಸ್ಕ್ರೂವಿನ ಮೇಲೂ ಕಣ್ಣಿಟ್ಟು ಕುಳಿತೆ. ಎಸಳುಗಳನ್ನು ಕಾಗದಕ್ಕೆ ಒರೆಸಿದಾಗ ಕಲೆ ಬಿತ್ತು.

"ಯಾರೋ ಎಣ್ಣಿ ಬಿಟ್ಟಾರ್ರೀ ಇದಕ್ಕ," ಎಂದ.

ಕಾಗದವನ್ನು ಮೂಸಿದೆ. ನಮ್ಮ ಹೊಲಿಗೆ ಮಷೀನಿನ ಎಣ್ಣೆ! ಅವನು ಅದನ್ನೆಲ್ಲ ತೊಳೆದು ಜೋಡಿಸಿಕೊಟ್ಟ. ನನ್ನ ಗೀರು ಇದೆಯೇ ಎಂದು ನೋಡಿಕೊಂಡೇ ಬಸ್ಸು ಹತ್ತಿದೆ. ಶಿರಹಟ್ಟಿ ಬರುವಷ್ಟರಲ್ಲಿ ತಪ್ಪು ಮೈದುನನದೇ ಎಂದು ಮನಸ್ಸಿನಲ್ಲಿ ತೀರ್ಪಾಗಿತ್ತು.

ಸಂಜೆ ಅವನಿಗೆ ರೊಟ್ಟಿ ಬಡಿಸುವಾಗ ಬೆರಳುಗಳನ್ನೇ ನೋಡಿದೆ. ಮೂಸಿ ನೋಡಲು ಬರುವಂತಿರಲಿಲ್ಲ. ಕ್ಯಾಮೆರಾವನ್ನು ಜೋಳದ ಡಬ್ಬಿಯ ಹಿಂದೆ ಮುಚ್ಚಿಡುತ್ತಿದ್ದಾಗ ಅತ್ತೆ ಕಂಡರು.

"ಅದನ್ಯಾಕ ಅಲ್ಲಿಡ್ತಿ?"

"ಯಾರೋ ಎಣ್ಣಿ ಬಿಟ್ಟು ಕೆಡಿಸ್ಯಾರ್ರಿ ಅತ್ತಿ," ಎಂದು ಮೈದುನನ ಕಡೆ ನೋಡಿದೆ.

ತುತ್ತು ಹಿಡಿದ ಅವನ ಕೈ ಅಲ್ಲೇ ನಿಂತಿತು. "ನನ್ನ್ಯಾಕ ನೋಡ್ತೀರಿ ವೈನಿ?"

"ಅವನ್ನ ಯಾಕ ನೋಡ್ತಿ?" ಎಂದರು ಅತ್ತೆ. "ನಾನ ಬಿಟ್ಟೀನಿ. ಅದರ ಮ್ಯಾಲಿನ ಬಳಿ ತಿರುವೂ ಮುಂದ ಹಲ್ಲು ಕಚ್ಚತಿದ್ದಿ. ಮಷೀನ ಬಿಗಿ ಹಿಡದ್ರ ಎಣ್ಣಿ ಬಿಡೂದಿಲ್ಲೇನು? ಇದಕ್ಕೂ ಬಿಟ್ಟೆ. ಸಲೀಸಾತಿಲ್ಲೋ?"

ಸಲೀಸಾಗಿತ್ತು, ಖರೆ. ಲೆನ್ಸಿನ ಮೇಲಿನ, ಫೋಕಸ್ ಹೊಂದಿಸುವ ಬಳೆ ಈಚೆಗೆ ಹಗುರವಾಗಿ ತಿರುಗುತ್ತಿದ್ದದ್ದು ನನ್ನ ಬೆರಳಿಗೆ ಗೊತ್ತಾಗಿತ್ತು. ಒಳ್ಳೆಯದಾದದ್ದರ ಮೇಲೆ ಮಾತ್ರ ನನಗೆ ಅನುಮಾನ ಬಂದಿರಲಿಲ್ಲ.

ಮೈದುನ ನಕ್ಕು ನಕ್ಕು ನೆತ್ತಿಗೇರಿಸಿಕೊಂಡ. ಮಗನನ್ನು ಉಳಿಸಲು ಅತ್ತೆ ಹಾಗೆ ಹೇಳಿದರೇನೋ ಎಂಬ ಶಂಕೆ ಆಗಲೂ ನನ್ನಲ್ಲಿ ಉಳಿದಿತ್ತು. ಎಣ್ಣೆ ಡಬ್ಬಿಯ ಮೂತಿಯನ್ನು ಯಾವ ಸಂದಿಗೆ ಹಿಡಿದಿದ್ದರೆಂದು ಅವರೇ ತೋರಿಸಿದ ಮೇಲೆ ಹೋಯಿತು.

ಮರುದಿನ ಬೆಳಿಗ್ಗೆ ಅತ್ತೆ ನನ್ನ ಹಿಂದೆಯೇ ಅಂಗಡಿಗೆ ಬಂದರು. ಅದುವರೆಗೆ ಸ್ವಂತ ಮಗ, ನಿಮ್ಮ ಅಜ್ಜ, ಕರೆದರೂ ಫೋಟೋಕ್ಕೆ ಕೂರದಿದ್ದವರು, ಸ್ಟೂಲು ಎಳೆದು ಕುಳಿತು, "ಮೊದಲ ನಂದು ತಗಿ," ಎಂದರು. ಆ ಪ್ರಿಂಟಿನಲ್ಲಿ ಅವರ ಮುಖ ಒಂದು ಸುಕ್ಕೂ ತಪ್ಪದೆ ಮೂಡಿತು. ಈಗ ಪಡಸಾಲೆಯಲ್ಲಿರುವ ಅದನ್ನು ಆಗ ಅಂಗಡಿಯ ಬಾಗಿಲಿಗೇ ತೂಗುಹಾಕಿದೆವು. ಹಪ್ಪಳದ ಮುದುಕಿ ಅದನ್ನು ನೋಡಿ ತಾನೂ ಬಂದು ಮತ್ತೆ ಕುಳಿತಳು. ಝೆರಾಕ್ಸಿನವನ ಮಾತು ಮೈದುನ ಮತ್ತೆ ತೆಗೆಯಲಿಲ್ಲ.

ಅಂದು ನಾನು, "ಅತ್ತಿ, ಕಣ್ಣು ಮುಚ್ಚಬ್ಯಾಡ್ರಿ," ಎಂದಿದ್ದೆ.

"ನಾ ಯಾಕ ಮುಚ್ಚಲಿ?" ಎಂದಿದ್ದರು ಅವರು, ಲೆನ್ಸಿನೊಳಕ್ಕೇ ದಿಟ್ಟಿಸುತ್ತ. "ಅದು ಮುಚ್ಚತೈತೋ ಇಲ್ಲೋ ನೋಡಾಕತ್ತೀನಿ."